ಚುಕ್ಕಿ ನೋಡದೆ ಲಕ್ಷ ಎಣಿಸೋರು

ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಬೆಳಗಿನ ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಊರಲ್ಲಿ ಏನೋ ಆಗಿದೆ ಅಂತ ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ಮಗ, ಆರ್‌ಬಿಐನೋರು ಎನ್‌ಒಸಿಗೆ ಅಂತ ಇನ್ನೂ ಹದಿನಾಲ್ಕು ಸಾವಿರ ಕೇಳ್ತಾವ್ರೆ. ಅದೊಂದು ಕಟ್ಬುಟ್ರೆ ಸಾಯಂಕಾಲಕ್ಕೆ ಒಂಬತ್ತು ಲಕ್ಷ ಅಕೌಂಟಿಗೆ ಬತ್ತದಂತೆ. ನಿನ್ ಫೋನಿಂದ ಹಾಕ್ಬುಡು, ನಾಳಿಕ್ಕೇ ವಾಪಸ್ ಕೊಟ್ಬುಡ್ತೀನಿ."

ವಿಷಯ ಏನಂದ್ರೆ, ಅಜ್ಜಿಯ ಕಾಲದ ಒಂದು ಬೆಳ್ಳಿ ರೂಪಾಯಿ. 1918ನೇ ಇಸವಿಯದ್ದು, ಜಾರ್ಜ್ ದೊರೆಯ ತಲೆ ಇರೋದು. ಯಾರೋ ಅದನ್ನು ಒಂಬತ್ತು ಲಕ್ಷಕ್ಕೆ ತಗೋತೀವಿ ಅಂದಿದ್ದಾರೆ. ಮೊದಲು ರಿಜಿಸ್ಟ್ರೇಷನ್ ಅಂತ 1,150 ರೂಪಾಯಿ. ಆಮೇಲೆ ಜಿಎಸ್‌ಟಿ ಅಂತ 8,500. ಈಗ ಎನ್‌ಒಸಿ. ಮೊದಲೆರಡು ಕಂತು ಚಿಕ್ಕಪ್ಪ ಕಬ್ಬಿನ ದುಡ್ಡಿನಲ್ಲಿ ಕಟ್ಟಿ ಆಗಿತ್ತು. ಅವರಿಗೆ ಒಂದು ಐಡಿ ಕಾರ್ಡಿನ ಫೋಟೋ ಕೂಡ ಬಂದಿತ್ತು, ಅದರ ಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ.

"ಇದೆಲ್ಲ ಎಲ್ಲಿ ಸಿಕ್ತು ಚಿಕ್ಕಪ್ಪ?" ಅಂದೆ.

"ನೀನೇ ಹಾಕಿದ್ದಲ್ಲಪ್ಪ ಗ್ರೂಪಲ್ಲಿ."

ಹೌದು, ನಾನೇ ಹಾಕಿದ್ದೆ. 'ನಿಮ್ಮ ಮನೇಲಿ ಈ ನಾಣ್ಯ ಇದ್ರೆ ನೀವೇ ಲಕ್ಷಾಧಿಪತಿ' ಅನ್ನೋ ವಿಡಿಯೋ. ಕೆಳಗೆ ಎರಡು ನಗುವ ಮುಖ ಹಾಕಿ ಫಾರ್ವರ್ಡ್ ಮಾಡಿದ್ದೆ. ನಗುವ ಮುಖ ಅಂದ್ರೆ 'ಇದು ಜೋಕು' ಅಂತ ನನ್ನ ಲೆಕ್ಕ. 'ಖುಷಿ ವಿಚಾರ' ಅಂತ ಚಿಕ್ಕಪ್ಪನ ಲೆಕ್ಕ. ಅವರ ಲೆಕ್ಕದಲ್ಲಿ ತಪ್ಪೇನಿದೆ? ಸಿಂಧಘಟ್ಟದಿಂದ ಬಿಇ ಓದಿ ಬೆಂಗಳೂರು ಸೇರಿದ ಹುಡುಗ ಕಳಿಸಿದ ಮೇಲೆ ಅದು ನಿಜವೇ ಇರಬೇಕಲ್ಲ.

ಈ ಬರಹ ಮೋಸಗಾರರ ವಿರುದ್ಧ ಅಂತ ನೀವು ಅಂದುಕೊಂಡಿದ್ರೆ ಇಲ್ಲಿಗೇ ನಿಲ್ಲಿಸಿ. ಅವರು ಮೋಸ ಮಾಡೋದೇ ಕೆಲಸ ಅಂತ ಕೂತಿರೋರು. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಹೇಳಿಕೆ ಕೊಟ್ಟು, ಹಳೇ ನೋಟು ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧ ಇಲ್ಲ, ಅದಕ್ಕೆ ತಾನು ಯಾವ ಶುಲ್ಕ ಕಮಿಷನ್ನೂ ಕೇಳೋದಿಲ್ಲ, ತನ್ನ ಹೆಸರಲ್ಲಿ ವಸೂಲಿ ಮಾಡೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಸ್ಪಷ್ಟ ಮಾಡಿದೆ. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ. ಆ ವಿಷಯ ಅಷ್ಟೇ. ನನ್ನ ಜಗಳ ನಮ್ಮ ಜೊತೆ. ಎರಡು ಸಾವಿರದ ಇಯರ್‌ಫೋನ್ ಕೊಳ್ಳೋಕೆ ಮೂರು ರಾತ್ರಿ ರಿವ್ಯೂ ಓದೋ ನಾವು, ಮನೆಯಲ್ಲಿ ನೂರು ವರ್ಷದಿಂದ ಇರೋ ರೂಪಾಯಿಯನ್ನ ಒಂದೇ ಒಂದು ಸಲ ತಿರುಗಿಸಿ ಓದಿಲ್ಲ. ಓದೋಕೆ ಬರದ ಜಾಗದಲ್ಲೇ ಒಂಬತ್ತು ಲಕ್ಷ ಹುಟ್ಟೋದು.

ಮೊದಲು ಆ 1918ರ ರೂಪಾಯಿಯನ್ನೇ ಹಿಡಿದು ನೋಡಿ. ಆ ಇಸವಿಯಲ್ಲಿ ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳು ಸೇರಿ ಎಷ್ಟು ರೂಪಾಯಿ ಅಚ್ಚು ಹಾಕಿದವು ಗೊತ್ತಾ? 40 ಕೋಟಿಗೂ ಹೆಚ್ಚು. ಮೊದಲ ಮಹಾಯುದ್ಧದ ಕೊನೆಯ ವರ್ಷ ಅದು. ಯುದ್ಧದ ಸಾಮಾನಿಗೆ, ಸಿಪಾಯಿಗಳ ಸಂಬಳಕ್ಕೆ ಸರ್ಕಾರ ರೂಪಾಯಿ ಕೊಡಬೇಕು. ಜನರಿಗೆ ಕಾಗದದ ಮೇಲೆ ನಂಬಿಕೆ ಇಲ್ಲ, ನೋಟು ಕೊಟ್ಟು ಬೆಳ್ಳಿ ಕೊಡಿ ಅಂತ ಸಾಲು ನಿಂತಿದ್ದಾರೆ. ಖಜಾನೆಯಲ್ಲಿ ಬೆಳ್ಳಿ ಇಲ್ಲ. 1917ರ ನವೆಂಬರ್ 30ಕ್ಕೆ ಮೊಟ್ಟಮೊದಲ ಬಾರಿಗೆ ಒಂದು ರೂಪಾಯಿ ನೋಟು ಬಂದದ್ದೇ ಈ ಬರದಿಂದ. ತಮಾಷೆ ಅಂದ್ರೆ ಆ ನೋಟಿನ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಮುದ್ರಿಸಿದ್ದರು, 'ಇದೂ ಅದೇ ಕಣ್ರಪ್ಪಾ' ಅನ್ನೋ ಹಾಗೆ. ಕೊನೆಗೆ 1918ರ ಏಪ್ರಿಲಿನಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಅಂತ ಒಂದು ಮಾಡಿ, ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನ ಸುಮಾರು 27 ಕೋಟಿಯಷ್ಟು ಕರಗಿಸಿತು. ಅದರ ಬಹುಪಾಲು ಬ್ರಿಟಿಷರಿಗೆ ಮಾರಾಟವಾಗಿ, ಇಲ್ಲಿನ ರೂಪಾಯಿಗೆ ಬಂತು. ಅಂದ್ರೆ ನಮ್ಮ ಅಜ್ಜಿ ಗಂಟಲ್ಲಿ ಕಟ್ಟಿಟ್ಟಿದ್ದು ಒಂದು ಕಾಲದಲ್ಲಿ ಡಾಲರೇ ಆಗಿರಬಹುದು. ನಾವು ಎಚ್‌ಒನ್‌ಬಿಗೆ ಲಾಟರಿ ಹಾಕೋಕೆ ತೊಂಬತ್ತು ವರ್ಷ ಮುಂಚೆಯೇ ಡಾಲರು ಸಿಂಧಘಟ್ಟಕ್ಕೆ ಬಂದಿತ್ತೇನೋ.

ಕತೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಕತೆ ಚೆನ್ನಾಗಿದೆ ಅಂತ ಬೆಲೆ ಏರಲ್ಲ. 40 ಕೋಟಿ ಹುಟ್ಟಿದ ನಾಣ್ಯ ಇವತ್ತೂ ಬೇಕಾದಷ್ಟು ಸಿಗುತ್ತೆ. ಸವೆದಿದ್ದರೆ ಅದರ ಬೆಲೆ ಹೆಚ್ಚುಕಡಿಮೆ ಅದರೊಳಗಿನ ಬೆಳ್ಳಿಯ ಬೆಲೆ. ಆ ಲೆಕ್ಕ ನಿಮ್ಮ ಫೋನಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತೆ. ಬ್ರಿಟಿಷ್ ರೂಪಾಯಿಯ ತೂಕ ಒಂದು ತೊಲ, ಅಂದ್ರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ನೂರಕ್ಕೆ 91.67 ಪಾಲು. ಗುಣಿಸಿದರೆ 10.69 ಗ್ರಾಂ. ಇವತ್ತಿನ ಬೆಳ್ಳಿಯ ಗ್ರಾಂ ದರಕ್ಕೆ ಗುಣಿಸಿ, ಸವೆದಿದ್ದಕ್ಕೆ ಸ್ವಲ್ಪ ಕಳೆಯಿರಿ. 1940ರಿಂದ 1945ರ ತನಕದ ರೂಪಾಯಿ ಆದರೆ ಇದರ ಅರ್ಧಕ್ಕಿಂತ ಸ್ವಲ್ಪ ಮೇಲೆ, 5.83 ಗ್ರಾಂ ಅಷ್ಟೇ. ಎರಡನೇ ಯುದ್ಧದಲ್ಲಿ ಮತ್ತೆ ಬೆಳ್ಳಿ ಬರ ಬಂದು, ಬೆಳ್ಳಿ ನೂರಕ್ಕೆ ಐವತ್ತಕ್ಕೆ ಇಳಿಯಿತು, ಮಿಕ್ಕಿದ್ದು ತಾಮ್ರ, ನಿಕ್ಕಲ್, ಸತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಹಿಂದುಗಡೆ ಹುಲಿ ಇರುತ್ತೆ, ಪೂರ್ತಿ ನಿಕ್ಕಲ್, ಆಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತೆ. ಲಕ್ಷ್ಮೀಪೂಜೆಗೆ ಹಾಲಲ್ಲಿ ತೊಳೆದು ಇಡೋ ಎಷ್ಟೋ 'ಬೆಳ್ಳಿ' ರೂಪಾಯಿಗಳು ಈ ಹುಲಿಗಳೇ. ಲಕ್ಷ್ಮಿಗೆ ಬೇಜಾರಿಲ್ಲ, ಬಿಡಿ.

ಇಲ್ಲಿಂದ ಮುಂದಕ್ಕೆ ಬೆಲೆ ಏರಬೇಕಾದರೆ ನಾಣ್ಯವೇ ಏನಾದರೂ ಹೇಳಬೇಕು. ಅದು ಹೇಳೋದು ಬಹಳ ಸಣ್ಣ ದನಿಯಲ್ಲಿ. ಅದಕ್ಕೇ ಟಂಕಸಾಲೆ ಗುರುತು ಅಂತಾರೆ, ಮಿಂಟ್ ಮಾರ್ಕ್.

ಐದನೇ ಜಾರ್ಜ್ ರೂಪಾಯಿಯ ಹಿಂಬದಿ ನೋಡಿ. ಸುತ್ತ ಹೂಬಳ್ಳಿ, ನಡುವೆ 'ಒನ್ ರುಪೀ'. ಕೆಳಗಡೆ ಒಂದು ಕಮಲದ ಹೂವಿದೆ. ಅದರ ಕೆಳಗೆ, ಅಂಚಿಗೆ ತಾಗೋ ಹಾಗೆ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕಿ ಇದ್ದರೆ ಅದು ಬಾಂಬೆ. ಏನೂ ಇಲ್ಲದಿದ್ದರೆ ಕಲ್ಕತ್ತಾ. ವಿಕ್ಟೋರಿಯಾ ಮತ್ತು ಎಡ್ವರ್ಡ್ ಕಾಲದ ಎಷ್ಟೋ ರೂಪಾಯಿಗಳಲ್ಲಿ ಚುಕ್ಕಿಯ ಬದಲು 'ಬಿ' ಅನ್ನೋ ಇಂಗ್ಲಿಷ್ ಅಕ್ಷರ, ಹೂವಿನ ಕೆತ್ತನೆಯೊಳಗೆ ಕಳ್ಳನ ಹಾಗೆ ಅಡಗಿರುತ್ತೆ. ಎರಡನೇ ಮಹಾಯುದ್ಧದಲ್ಲಿ ಬೇಡಿಕೆ ತಡೆಯಲಾರದೆ ಲಾಹೋರಿನಲ್ಲೂ ಒಂದು ಟಂಕಸಾಲೆ ಶುರು ಮಾಡಿದರು, ಅದಕ್ಕೆ 'ಎಲ್'. ಈ ಪದ್ಧತಿ ಇನ್ನೂ ಹೋಗಿಲ್ಲ. ನಿಮ್ಮ ಜೇಬಿನ ಐದು ರೂಪಾಯಿಯಲ್ಲಿ ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರ ಇದ್ದರೆ ಮುಂಬೈ, ಚುಕ್ಕಿ ಇದ್ದರೆ ನೋಯ್ಡಾ, ಬೋಳಾಗಿದ್ದರೆ ಕೋಲ್ಕತ್ತಾ. ಗಮನಿಸಿ, ಅದೇ ಚುಕ್ಕಿ ಬ್ರಿಟಿಷರ ಕಾಲದಲ್ಲಿ ಬಾಂಬೆ, ಈಗ ನೋಯ್ಡಾ. ಹಾಗಾಗಿ 'ಚುಕ್ಕಿ ಇದ್ರೆ ರೇರ್' ಅಂತ ಕೂಗೋ ವಿಡಿಯೋದವನಿಗೆ ಚುಕ್ಕಿ ಅಂದರೇನು ಅಂತಲೇ ಗೊತ್ತಿಲ್ಲ. (ಜೇಬಲ್ಲಿ ಐದು ರೂಪಾಯಿ ಎಲ್ಲಿದೆ ಅಂತ ಕೇಳಬೇಡಿ. ನಾನೂ ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡೋನೇ.)

ಗುರುತು ಅನ್ನೋದು ಊರಿನ ವಿಳಾಸ ಮಾತ್ರ. ಆ ವಿಳಾಸ, ಇಸವಿ, ಆ ವರ್ಷ ಎಷ್ಟು ಹೊರಬಿದ್ದವು, ಎಷ್ಟು ಉಳಿದಿವೆ, ಉಳಿದದ್ದು ಯಾವ ಸ್ಥಿತಿಯಲ್ಲಿದೆ, ಇಷ್ಟೂ ಸೇರಿದಾಗ ಬೆಲೆ. ಒಂದು ಉದಾಹರಣೆ ಕೊಡ್ತೀನಿ, ಸಾಫ್ಟ್‌ವೇರಿನೋರಿಗೆ ಇಷ್ಟ ಆಗುತ್ತೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ. ಅದರ ಮೇಲೆ 1862 ಅಂತ ಇದೆ, ಆದರೆ ಅದು 1862ರಲ್ಲೇ ಹುಟ್ಟಿದ್ದು ಅಂತ ಹೇಳೋಕಾಗಲ್ಲ. ಆಮೇಲೆ ಹತ್ತಾರು ವರ್ಷ ಅದೇ ಇಸವಿ ಇಟ್ಟುಕೊಂಡೇ ಅಚ್ಚು ಹಾಕಿದರು. ಬಾಂಬೆಯವರು ಮಾತ್ರ ಯಾವ ವರ್ಷದ್ದು ಅಂತ ತಮಗೆ ಗೊತ್ತಾಗೋಕೆ ಇಸವಿಯ ಹತ್ತಿರ ಸಣ್ಣ ಸಣ್ಣ ಚುಕ್ಕಿ ಸೇರಿಸ್ತಾ ಹೋದರು. ವರ್ಷನ್ ನಂಬರ್ ಬದಲಾಯಿಸದೆ ಬಿಲ್ಡ್ ನಂಬರ್ ಮಾತ್ರ ಏರಿಸಿದ ಹಾಗೆ. ಈಗ ಎರಡು 1862 ಪಕ್ಕಪಕ್ಕ ಇಡಿ. ತೂಕ ಒಂದೇ, ಬೆಳ್ಳಿ ಒಂದೇ, ರಾಣಿ ಒಂದೇ. ಎಲ್ಲಿ ಎಷ್ಟು ಚುಕ್ಕಿ ಅನ್ನೋದರ ಮೇಲೆ ಒಂದು ಸಾಮಾನ್ಯ, ಇನ್ನೊಂದನ್ನು ಸಂಗ್ರಹಕಾರರು ಹುಡುಕಿಕೊಂಡು ಬರ್ತಾರೆ.

1911ರದ್ದು ಇನ್ನೂ ಮಜಾ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲಿನ ಮೊದಲ ರೂಪಾಯಿ. ದೊರೆಯ ನಿಲುವಂಗಿಯ ಮೇಲೆ ಪದಕದ ಸರ, ಅದರಲ್ಲಿ ಒಂದು ಆನೆ. ಕೆತ್ತಿದವರು ಸೊಂಡಿಲನ್ನ ಎಷ್ಟು ಮೋಟು ಮಾಡಿದ್ದರು ಅಂದ್ರೆ, ಜನಕ್ಕೆ ಅದು ಹಂದಿ ಹಾಗೆ ಕಾಣಿಸ್ತು. ದೊರೆ ಎದೆ ಮೇಲೆ ಹಂದಿ ಇಟ್ಕೊಂಡಿದ್ದಾನೆ ಅಂತ ಗುಲ್ಲೆದ್ದಿತು. ಸರ್ಕಾರ ಗಾಬರಿಯಾಗಿ ಹಂಚುವುದನ್ನು ನಿಲ್ಲಿಸಿ, ಉಳಿದಿದ್ದನ್ನ ಕರಗಿಸಿ, 1912ರಿಂದ ಆನೆಗೆ ಸರಿಯಾದ ಸೊಂಡಿಲು ಕೊಟ್ಟಿತು. ಅದಕ್ಕೇ 1911ರದ್ದು ಕಡಿಮೆ ಸಿಗುತ್ತೆ. ಹಾಗೇ 1939ರ ಆರನೇ ಜಾರ್ಜ್ ರೂಪಾಯಿ. ಹಳೇ ಪ್ರಮಾಣದ ಬೆಳ್ಳಿಯಲ್ಲಿ ಬಾಂಬೆಯಲ್ಲಿ ಅಚ್ಚಾದ ಕೊನೆಯ ರೂಪಾಯಿ. ಯುದ್ಧ ಶುರುವಾಗಿ ಬಹುಪಾಲು ಹೊರಗೇ ಬರಲಿಲ್ಲ. 1938ರದ್ದು ಬೇಕಾದಷ್ಟು, 1939 ಅಪರೂಪ. ಅದಕ್ಕೇ 1938ರ ಕೊನೆಯ ಎಂಟನ್ನ ಕೆರೆದು ಒಂಬತ್ತು ಮಾಡೋ ಕಲೆಗಾರರೂ ಇದ್ದಾರೆ. ಇನ್ನೊಂದು ಕಡೆ, ಸಾವಿರದ ಎಂಟುನೂರು ವರ್ಷ ಹಳೆಯ ಕುಶಾನರ ತಾಮ್ರದ ನಾಣ್ಯ ಇದರ ಬೆಲೆಯ ಒಂದು ಚೂರಿಗೆ ಸಿಗುತ್ತೆ. ಹಳೇದಾದಷ್ಟೂ ಬೆಲೆ ಅನ್ನೋದು ವೈನಿಗೆ ಇರಬಹುದು, ನಾಣ್ಯಕ್ಕಲ್ಲ.

'ಅಯ್ಯೋ ಅದೊಂದು ಹವ್ಯಾಸ, ನಮಗ್ಯಾಕೆ ಇದೆಲ್ಲ' ಅಂತೀರಾ? ನಾನೂ ಹಾಗೇ ಅಂದಿದ್ದೆ. ಅಜ್ಜಿ ತೀರಿಕೊಂಡಾಗ ಗಂಟಿನಲ್ಲಿ ಇಪ್ಪತ್ತೊಂದು ರೂಪಾಯಿ ಇತ್ತು. ಅಪ್ಪನಿಗೆ ಏಳು, ಚಿಕ್ಕಪ್ಪನಿಗೆ ಏಳು, ಅತ್ತೆಗೆ ಏಳು. ಅಪ್ಪನ ಏಳು ನನ್ನ ಕೈಗೆ ಬಂತು. 2014ರಲ್ಲಿ ಬೈಕಿಗೆ ಡೌನ್ ಪೇಮೆಂಟು ಸ್ವಲ್ಪ ಸಾಲದೇ ಬಂದಾಗ ಒಂದು ಬೆಳ್ಳಿ ಅಂಗಡಿಗೆ ಹೋಗಿ ಏಳನ್ನೂ ತಕ್ಕಡಿಗೆ ಹಾಕಿಸಿದೆ. ಅಂಗಡಿಯವನು ಸವಕಳಿ ಅಂತ ಒಂದಿಷ್ಟು ಹಿಡಿದುಕೊಂಡು ಮಿಕ್ಕಿದ್ದು ಕೊಟ್ಟ. ಮನೆಯಿಂದ ಹೊರಡೋ ಮುಂಚೆ, ಬೆಲೆ ಜಾಸ್ತಿ ಬರಲಿ ಅಂತ, ನಾನೇ ಕೂತು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ್ದೆ. ಇಸವಿ ನೋಡಲಿಲ್ಲ. ದೊರೆ ಯಾರು ಅಂತ ನೋಡಲಿಲ್ಲ. ಅವುಗಳಲ್ಲಿ ಒಂದರ ಆನೆಗೆ ಸೊಂಡಿಲು ಮೋಟಾಗಿತ್ತೋ ಏನೋ. ಈಗ ಅವು ಯಾರದೋ ಕಾಲ್ಗೆಜ್ಜೆ ಆಗಿರ್ತವೆ.

ಉಜ್ಜೋ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟು, ಪಾತ್ರೆ ತೊಳೆಯೋ ಪುಡಿ, ಯಾವುದೂ ಬೇಡ. ಬೆಳ್ಳಿಯ ಮೇಲೆ ನೂರು ವರ್ಷದಿಂದ ಕೂತ ಆ ಬೂದು ಬಣ್ಣ ಕೊಳೆ ಅಲ್ಲ. ಉಜ್ಜಿದಾಗ ಕೊಳೆ ಜೊತೆಗೆ ದೊರೆಯ ಗಡ್ಡದ ಗೆರೆ, ಕಿರೀಟದ ಮಣಿ, ಕಮಲದ ಕೆಳಗಿನ ಚುಕ್ಕಿ ಎಲ್ಲಾ ಸವೆಯುತ್ತೆ. ಸಂಗ್ರಹಕಾರ ಒಂದೇ ನೋಟಕ್ಕೆ ಕಂಡುಹಿಡಿದು ಕೈಬಿಡ್ತಾನೆ. ಸರಕ್ಕೆ ಪೋಣಿಸೋಕೆ ಕೊಕ್ಕೆ ಬೆಸೆದಿದ್ದರೂ ಅಷ್ಟೇ, ಬೆಳ್ಳಿ ತೂಕದ ಬೆಲೆಗೆ ಇಳಿದ ಹಾಗೆ.

ಇನ್ನು ನಮ್ಮ ಮಂಡ್ಯ ಸೀಮೆಯ ಮಾತಿಗೆ ಬರ್ತೀನಿ, ಯಾಕಂದ್ರೆ ಇಲ್ಲಿ ನಮಗೆ ನಾಚಿಕೆ ಇನ್ನೂ ಜಾಸ್ತಿ ಆಗಬೇಕು. ನಮ್ಮೂರಿಂದ ಪಾಂಡವಪುರದ ಮೇಲೆ ಹೋದರೆ ಗಂಟೆ ಚಿಲ್ಲರೆ ದಾರಿಯಲ್ಲಿ ಶ್ರೀರಂಗಪಟ್ಟಣ. ಹದಿನೆಂಟನೇ ಶತಮಾನದ ಕೊನೆಗೆ ದಕ್ಷಿಣ ಭಾರತದ ದೊಡ್ಡ ಟಂಕಸಾಲೆಗಳಲ್ಲಿ ಒಂದು ಇದ್ದದ್ದು ಅಲ್ಲಿ. ಟಿಪ್ಪುವಿನ ಬೆಳ್ಳಿ ನಾಣ್ಯದ ಮೇಲೆ ಅಚ್ಚಾದ ಊರಿನ ಹೆಸರು ಫಾರ್ಸಿ ಲಿಪಿಯಲ್ಲಿ ಇರುತ್ತೆ, 'ಪಟನ್'. ನಮ್ಮ ಕಡೆ ಇವತ್ತಿಗೂ ಬಸ್ಸಿನವರು 'ಪಟ್ನ ಪಟ್ನ' ಅಂತ ಕೂಗ್ತಾರಲ್ಲ, ಅದೇ ಪಟ್ಟಣ. ಅವನ ಬೆಳ್ಳಿಯ ಹೆಚ್ಚಿನ ಪಾಲು ಅಲ್ಲಿಯದೇ. ತಾಮ್ರದ ಆನೆ ಕಾಸುಗಳು ಹತ್ತಾರು ಊರಲ್ಲಿ ಅಚ್ಚಾದವು, ಒಂದೊಂದು ಊರಿಗೂ ಒಂದೊಂದು ಹೊಸ ಹೆಸರು: ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್, ಗುತ್ತಿ ಫೈಜ್ ಹಿಸಾರ್, ಧಾರವಾಡ ಖುರ್ಷೀದ್ ಸವಾದ್. ಬೆಳ್ಳಿಯ ರೂಪಾಯಿಗೆ ಇಮಾಮಿ ಅಂತ ಹೆಸರು, ಎರಡು ರೂಪಾಯಿಯ ದಪ್ಪ ನಾಣ್ಯಕ್ಕೆ ಹೈದರಿ. 1787ರಿಂದ ಅವನು ಇಸವಿಯ ಲೆಕ್ಕವನ್ನೇ ಬದಲಾಯಿಸಿ ಮೌಲೂದಿ ಶಕೆ ಅಂತ ಮಾಡಿ, ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. 1215 ಅನ್ನೋದು 5121 ಅಂತ ಕಾಣುತ್ತೆ. ಇದು ಗೊತ್ತಿಲ್ಲದೋರು 'ಐದು ಸಾವಿರ ವರ್ಷ ಹಳೇ ನಾಣ್ಯ' ಅಂತ ಮಾರೋಕೂ ಹಿಂಜರಿಯಲ್ಲ. ಈ ನಾಣ್ಯಗಳ ಮೇಲೆ ಹೆಂಡರ್ಸನ್ ಅನ್ನೋರು 1921ರಲ್ಲೇ ಮದ್ರಾಸಿನಿಂದ ಒಂದು ಇಡೀ ಪುಸ್ತಕ ತಂದರು. ನೂರು ವರ್ಷ ದಾಟಿತು. ಟಿಪ್ಪು ಬಗ್ಗೆ ಜಗಳ ಆಡೋಕೆ ನಮ್ಮಲ್ಲಿ ಎರಡೂ ಕಡೆ ಸೈನ್ಯ ತಯಾರಿದೆ. ಅವನ ನಾಣ್ಯದ ಮೇಲಿನ ಒಂದು ಸಾಲು ಓದೋಕೆ ಯಾವ ಕಡೆಯವರಿಗೂ ಪುರುಸೊತ್ತಿಲ್ಲ.

ಕಳೆದ ವರ್ಷ ಆಫೀಸಿನ ಗೆಳೆಯರ ಜೊತೆ ಪ್ರವಾಸ ಹೋಗಿದ್ದಾಗ ಒಬ್ಬ ಹುಡುಗ ಕರ್ಚೀಫಿನಲ್ಲಿ ಸುತ್ತಿದ್ದ 'ಟಿಪ್ಪು ಬೆಳ್ಳಿ ನಾಣ್ಯ' ತೋರಿಸಿದ. ಹೊಳೆದಂಡೆ ಅಗೆಯೋವಾಗ ಸಿಕ್ತು ಅಂದ. ನಮ್ಮ ಟೀಮ್ ಲೀಡು ಮೂರು ಸಾವಿರಕ್ಕೆ ತಗೊಂಡುಬಿಟ್ಟರು. ಅಂಚು ನೋಡಿದೆ, ಸುತ್ತಲೂ ಒಂದು ಗೆರೆ. ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು. ಸುತ್ತಿಗೆಯಿಂದ ಅಚ್ಚು ಹೊಡೆದ ನಾಣ್ಯಕ್ಕೆ ಅಂಚಿನಲ್ಲಿ ಬೆಸುಗೆ ಗೆರೆ ಬರೋಕೆ ಸಾಧ್ಯ ಇಲ್ಲ, ಅದು ಎರಡು ಅರ್ಧದ ಅಚ್ಚಿನಲ್ಲಿ ಎರಕ ಹೊಯ್ದದ್ದಕ್ಕೆ ಬರೋದು. ಹೇಳಿದೆ. 'ಪರವಾಗಿಲ್ಲ ಬಿಡೋ, ಸುವನೀರ್' ಅಂದರು. ಸರಿ, ಅವರ ಮೂರು ಸಾವಿರ, ಅವರ ಷೋಕೇಸು. ಆದರೆ ಒಂದು ಯೋಚನೆ ಮಾಡಿ. ಅದು ನಿಜವಾದ ನಾಣ್ಯವೇ ಆಗಿದ್ದರೆ? ಹೊಳೆದಂಡೆಯಲ್ಲಿ ಅಗೆದು ಸಿಕ್ಕಿದ್ದು ನಿಧಿ. ಅದನ್ನ ಸರ್ಕಾರಕ್ಕೆ ತಿಳಿಸಬೇಕು, ಕರ್ನಾಟಕದಲ್ಲಿ ಅದಕ್ಕೆ 1962ರ ಕಾಯ್ದೆಯೇ ಇದೆ. ಅಂದ್ರೆ ಹುಡುಗನ ಕತೆ ಸುಳ್ಳಾದರೆ ನೀವು ಮೋಸ ಹೋದಿರಿ, ನಿಜವಾದರೆ ಕಾನೂನು ಮುರಿದಿರಿ. ಎರಡರಲ್ಲಿ ಯಾವುದಕ್ಕೆ ಮೂರು ಸಾವಿರ ಕೊಟ್ಟಿರಿ? ಹಾಗೇ 'ಅಮೆರಿಕದಲ್ಲಿರೋ ಫ್ರೆಂಡ್ ಕೈಲಿ ಕಳಿಸಿ ಡಾಲರ್‌ನಲ್ಲಿ ಮಾರ್ತೀನಿ' ಅನ್ನೋರಿಗೂ ಒಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನ ದೇಶದ ಹೊರಗೆ ಕಳಿಸೋದು ಅಪರಾಧ. ಅಜ್ಜಿಯ 1918ರ ರೂಪಾಯಿಯೂ ಈಗ ಆ ಸಾಲಿಗೆ ಸೇರಿದೆ.

'ನಾಲ್ವಡಿಯವರ ಬೆಳ್ಳಿ ರೂಪಾಯಿ' ಅಂತಲೂ ಮಾರ್ತಾರೆ, ಮಹಾರಾಜರ ಮುಖ, ಗಂಡಭೇರುಂಡ ಎಲ್ಲಾ ಇರೋದು. ಮಂಡ್ಯದ ನಮಗೆ ನಾಲ್ವಡಿ ಅಂದ್ರೆ ದೇವರ ಕೋಣೆಯ ಫೋಟೋ. ಅದಕ್ಕೇ ಆ ಗಾಳ ನಮಗೆ ಚೆನ್ನಾಗಿ ಕಚ್ಚುತ್ತೆ. ಆದರೆ ಅಂಥ ಚಲಾವಣೆ ನಾಣ್ಯವೇ ಇಲ್ಲ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸ್ವಂತ ನಾಣ್ಯ ಇತ್ತು. 'ಮಯಿಲಿ ಕಾಸು' ಅಂತ ಕನ್ನಡದಲ್ಲೇ ಬರೆದ ತಾಮ್ರದ ಕಾಸುಗಳು ಆ ಕಾಲದ್ದು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1833ರಲ್ಲಿ ಟಂಕಸಾಲೆ ಮೈಸೂರಿಂದ ಬೆಂಗಳೂರಿಗೆ ಹೋಯಿತು, 1843ರಲ್ಲಿ ಬಾಗಿಲೇ ಮುಚ್ಚಿತು. ಹೈದರಾಬಾದಿನ ನಿಜಾಮ ಕೊನೇವರೆಗೂ ತನ್ನದೇ ರೂಪಾಯಿ ಅಚ್ಚು ಹಾಕಿಸಿಕೊಂಡ. ನಮಗೆ ಅಣೆಕಟ್ಟು ಕಟ್ಟಿಸಿದ ಮಹಾರಾಜರಿದ್ದರು, ರೂಪಾಯಿಯ ಮೇಲೆ ಮಾತ್ರ ಲಂಡನ್ನಿನ ದೊರೆ. ಕಮಲದ ಕೆಳಗಿನ ಆ ಚುಕ್ಕಿ ಹೇಳೋ ಕತೆ ಇದು. ಕನ್ನಂಬಾಡಿ ಕಟ್ಟೋಕೆ ಕಲ್ಲು ಹೊತ್ತವರ ಕೂಲಿ ಬಾಂಬೆಯಲ್ಲೋ ಕಲ್ಕತ್ತಾದಲ್ಲೋ ಅಚ್ಚಾಗಿ ಬಂತು.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಹೇಳೋದಿದೆ: 'ಒಂದು ಆಸೆ ತಾನೇ, ಇರಲಿ ಬಿಡಿ, ಲಾಟರಿ ತಗೊಳ್ಳಲ್ವಾ?' ಲಾಟರಿ ತಗೊಳ್ಳೋನಿಗೆ ಅದು ಲಾಟರಿ ಅಂತ ಗೊತ್ತು. ಚಿಕ್ಕಪ್ಪನಿಗೆ ಹಾಗಲ್ಲ, ತಮ್ಮ ಅವ್ವನ ಗಂಟಿಗೆ ಕೊನೆಗೂ ಒಂದು ನ್ಯಾಯವಾದ ಬೆಲೆ ಸಿಗ್ತಿದೆ ಅಂತ ಅವರು ನಂಬಿದ್ದರು. ಆ ನಂಬಿಕೆಯಲ್ಲಿ 9,650 ರೂಪಾಯಿ ಹೋಯಿತು. ಅದು ಹೋದದ್ದಕ್ಕಿಂತ, ಫೋನಿನಲ್ಲಿ ನಾನು 'ಅದೆಲ್ಲ ಸುಳ್ಳು ಚಿಕ್ಕಪ್ಪ' ಅಂದಾಗ ಅವರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. "ಹಂಗಾರೆ ಅವ್ವನ ರೂಪಾಯಿಗೆ ಬೆಲೆ ಇಲ್ವೇನ್ ಮಗ?"

ಆ ಶನಿವಾರ ಊರಿಗೆ ಹೋದೆ. ಒಂದು ಭೂತಗನ್ನಡಿ, ಅಡುಗೆಮನೆಗೆ ಅಂತ ತಂದಿದ್ದ ಸಣ್ಣ ಡಿಜಿಟಲ್ ತಕ್ಕಡಿ, ಫ್ರಿಜ್ ಮೇಲೆ ಅಂಟಿಸೋ ಆಯಸ್ಕಾಂತ. ಅಷ್ಟೇ ಉಪಕರಣ. ಕಳೆದುಹೋದ ದುಡ್ಡಿನ ದೂರು ಮೊದಲು ಕೊಡಿಸಿದೆ, ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂತೆವು. ಚಿಕ್ಕಮ್ಮ ಟೀ ತಂದಿಟ್ಟು, "ಇನ್ನೊಂದ್ಸಲ ಆ ಫೋನ್ ಮುಟ್ಟಿದ್ರೆ ಕೆರೆಗೆ ಎಸೀತೀನಿ" ಅಂತ ಹೇಳಿ ಒಳಗೆ ಹೋದರು.

ಏಳು ರೂಪಾಯಿ. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಒಂದೊಂದೇ ಅಂಚು ಹಿಡಿದು ಎತ್ತಿ, ತೂಗಿ, ತಿರುಗಿಸಿ, ಚಿಕ್ಕಪ್ಪನ ಕೈಗೆ ಕೊಟ್ಟೆ. ಒಂದು 1907, ಬೋಳುತಲೆ ಎಡ್ವರ್ಡ್. ಒಂದು 1914. ಮೂರು 1918. ಒಂದು 1944, ಮಸುಕು ಬಣ್ಣ, ಕೆಳಗೆ 'ಎಲ್', ಲಾಹೋರಿನದು. ಅದನ್ನ ತೋರಿಸಿ, "ಇದು ಅಚ್ಚಾದ ಊರು ಈಗ ಪಾಕಿಸ್ತಾನದಲ್ಲದೆ" ಅಂದೆ. ಚಿಕ್ಕಪ್ಪ ಅದನ್ನ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಏಳನೆಯದು ಹುಲಿ. ಆಯಸ್ಕಾಂತ ತೋರಿಸಿದ ಕೂಡಲೇ ಎಗರಿ ಅಂಟಿಕೊಂಡಿತು. ಚಿಕ್ಕಪ್ಪ ನಕ್ಕುಬಿಟ್ಟರು. "ಅವ್ವ ಇದ್ಕೇ ಕಣ್ಲಾ ಜಾಸ್ತಿ ಕುಂಕ್ಮ ಇಕ್ತಿದ್ದುದ್ದು."

ಲಕ್ಷದ್ದು ಅದರಲ್ಲಿ ಒಂದೂ ಇರಲಿಲ್ಲ. 1944 ಬಿಟ್ಟು ಉಳಿದ ಐದರಲ್ಲೂ ತಲಾ ಹತ್ತು ಗ್ರಾಂ ಚಿಲ್ಲರೆ ಒಳ್ಳೇ ಬೆಳ್ಳಿ, ಅದರ ಲೆಕ್ಕ ಅಲ್ಲೇ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಮುಂದೆ ಯಾರಾದರೂ ತೂಕಕ್ಕೆ ಕೇಳಿದರೂ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ. ಅವರು ಚೀಟಿಯನ್ನ ಸರಿಯಾಗಿ ನೋಡಲೂ ಇಲ್ಲ. ಭೂತಗನ್ನಡಿ ನನ್ನ ಕೈಯಿಂದ ಕಿತ್ತುಕೊಂಡು, ಮೂರು 1918ಗಳನ್ನ ಸಾಲಾಗಿ ಇಟ್ಟು, ಕಮಲದ ಕೆಳಗೆ ಹುಡುಕ್ತಾ ಕೂತರು. ಕತ್ತಲಾಗ್ತಾ ಬಂತು. ಒಳಗಿಂದ ಟಾರ್ಚು ತರಿಸಿಕೊಂಡರು.

"ಇದ್ರಲ್ಲದೆ ನೋಡು ಚುಕ್ಕಿ. ಬಾಂಬೇದು. ಇದ್ರಲ್ಲೂ ಅದೆ. ಇದ್ರಲ್ಲಿ ಇಲ್ಲ, ಇದು ಕಲ್ಕತ್ತಾ ಅಲ್ವಾ?"

"ಹೂಂ, ಕಲ್ಕತ್ತಾ."

ಮತ್ತೊಂದು ಸಲ ಮೂರನ್ನೂ ತಿರುಗಿಸಿ ನೋಡಿ ಗಂಟು ಕಟ್ಟಿದರು. ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು.

"ನಿಮ್ಮಪ್ಪನ ಪಾಲಿಂದು ಏಳು ನಿನ್ತಾವೇ ಅವಲ್ಲ ಮಗ. ಮುಂದಿನ್ ವಾರ ಬರುವಾಗ ತಕ್ಕಂಡ್ ಬಾ. ಅವ್ನೂ ನೋಡ್ಬುಡವ."